ತೊಟ್ಟಿ ಖಾಲಿ ಮಾಡಬೇಡಿ

ಹೆಬ್ಬಾಲೆ
ಭಾನುವಾರ, 14 ಜುಲೈ 2024

ನನ್ನ ಸೊಳ್ಳೆ ಡಾಕ್ಟ್ರಮ್ಮ ದಿವ್ಯಾಗೆ ಅಮ್ಮನ ಆಶೀರ್ವಾದ.

ಊರವರು ನಗುತ್ತಿದ್ದಾರಂತೆ, ಸಾಕು ಬಿಡಮ್ಮ, ತೊಟ್ಟಿಗಳನ್ನೆಲ್ಲ ಖಾಲಿ ಮಾಡಿಸು, ಸೊಳ್ಳೆಮರಿಗೆ ನಾನು ಬೇರೆ ಊರು ನೋಡಿಕೊಳ್ತೀನಿ ಅಂತ ಮೊನ್ನೆ ಫೋನ್ ಇಟ್ಟೆಯಲ್ಲ, ನನಗೆ ಮೈಯೆಲ್ಲ ಉರಿದುಹೋಯಿತು. ಉತ್ತರ ಹೇಳೋಕೂ ಬಿಡಲಿಲ್ಲ ನೀನು. ಅದಕ್ಕೇ ಈ ಕಾಗದ.

ನಗೋರು ನಗಲಿ ಬಿಡು. ಆಶಾ ಕಾರ್ಯಕರ್ತೆಯಾದಾಗಿನಿಂದ ಮನೆಮನೆಗೆ ಹೋಗಿ, ನೀರು ನಿಲ್ಲಿಸಬೇಡಿ, ತೊಟ್ಟಿ ಉಜ್ಜಿ ಒಣಗಿಸಿ ಅಂತ ಬೈದವಳು ನಾನೇ. ಈಗ ಅದೇ ಬಾಯಲ್ಲಿ, ಒಂದು ತೊಟ್ಟಿ ಹಾಗೇ ಬಿಡಿ, ಮಗಳ ಸಂಶೋಧನೆಗೆ ಸೊಳ್ಳೆಮರಿ ಬೇಕು ಅಂದರೆ ಯಾರಿಗೆ ನಗು ಬರೋಲ್ಲ? ಕಾಮಾಕ್ಷಮ್ಮ ಈಗ ಸೊಳ್ಳೆಗಳಿಗೆ ಬಾಣಂತನ ಮಾಡ್ತಾಳೆ ಅಂತ ಸಾಂತಪ್ಪ ಹಾಲಿನ ಡೇರಿ ಮುಂದೆ ಸಾರಿಕೊಂಡು ಬಂದ. ಅದಕ್ಕೆಲ್ಲ ನಾನು ಜಗ್ಗೋಳಲ್ಲ.

ನಾನು ಹೆದರಿದ್ದು ಸಂಘದ ಸಭೆಯಲ್ಲಿ ಮಹಾದೇವಮ್ಮ ಎದ್ದು ನಿಂತಾಗ. ಮಲೇರಿಯಾದಲ್ಲಿ ಮಗನನ್ನು ಕಳಕೊಂಡವಳು. ಅವಳು ಬೇಡ ಅಂದರೆ ಊರಲ್ಲಿ ಒಬ್ಬರೂ ಹೂಂ ಅನ್ನೋಲ್ಲ. ನಿನ್ನ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ನೀನು ಹೇಳಿಕೊಟ್ಟದ್ದನ್ನೇ ನನ್ನ ಮಾತಲ್ಲಿ ಹೇಳಿದೆ. ರೋಗಿಯ ರಕ್ತ ಹೀರಿದಾಗ ಮಲೇರಿಯಾದ ಕ್ರಿಮಿ ಮೊದಲು ಸೊಳ್ಳೆಯ ಹೊಟ್ಟೆಗೇ ಹೋಗೋದು. ಸೊಳ್ಳೆಯೇನು ಸುಮ್ಮನಿರುತ್ತಾ? ಅದರ ಮೈಗೂ ಕಾದಾಡೋ ಶಕ್ತಿಯಿದೆ. ಕೆಲವು ಸೊಳ್ಳೆಗಳು ಆ ಕ್ರಿಮಿಯ ಸುತ್ತ ಕಪ್ಪಗೆ ಕವಚ ಕಟ್ಟಿ ಅದನ್ನು ಅಲ್ಲೇ ಸಾಯಿಸಿಬಿಡುತ್ತವೆ. ಅಂಥದ್ದು ಕಚ್ಚಿದರೆ ಮಲೇರಿಯಾ ಬರೋಲ್ಲ. ನನ್ನ ಮಗಳು ಹುಡುಕ್ತಿರೋದು ಅದನ್ನು. ಮರಿಗಳಿಗೆ ರೆಕ್ಕೆ ಬರೋ ಮೊದಲೇ ನಾನೇ ಬಾಟಲಿಗೆ ತುಂಬಿಸಿಕೊಂಡು, ತೊಟ್ಟಿ ಉಜ್ಜಿಕೊಟ್ಟು ಹೋಗ್ತೀನಿ ಅಂದೆ.

ಮಹಾದೇವಮ್ಮ ಕೇಳಿದ್ದು ಒಂದೇ ಮಾತು. “ಅಂಥ ಸೊಳ್ಳೆ ನಮ್ಮೂರಲ್ಲಿ ಐತಾ?”

ಗೊತ್ತಿಲ್ಲ ಅಂದೆ. ಇದೆ ಅಂತ ಸುಳ್ಳು ಹೇಳೋಕೆ ನಾಲಿಗೆ ಏಳಲಿಲ್ಲ ಕಣೇ. ಅವಳು ಹಾಗೇ ಹೊರಟುಹೋದಳು. ಮುಗೀತು ಕಥೆ ಅಂದುಕೊಂಡೆ. ಮಾರನೇ ದಿನ ಬೆಳಿಗ್ಗೆ ಹೇಳಿಕಳಿಸಿದಳು. ಹೋಗಿ ನೋಡಿದರೆ, ಸೊಳ್ಳೆಮರಿ ತಿನ್ನಲಿ ಅಂತ ನಾನೇ ಬಿಟ್ಟಿದ್ದ ಗಪ್ಪಿ ಮೀನುಗಳನ್ನೆಲ್ಲ ಸೋಸಿ ಬಿಂದಿಗೆಗೆ ಹಾಕಿ, ತೊಟ್ಟಿ ತುಂಬಿಸಿಟ್ಟಿದ್ದಾಳೆ. ಅವಳೇ ಇಟ್ಟಮೇಲೆ ಬೀದಿಯವರೆಲ್ಲ ಬಾಯಿ ಮುಚ್ಚಿಕೊಂಡು ಇಟ್ಟರು. ಸಾಂತಪ್ಪನೂ ಇಟ್ಟ. ನಿನಗೆ ನಗುವಿನ ಸುದ್ದಿ ಮುಟ್ಟಿಸಿದವರು ಇದನ್ನು ಹೇಳಲಿಲ್ಲ ಅಂತ ಕಾಣುತ್ತೆ.

ಬೇರೆ ಊರಂತೆ, ಬೇರೆ ಊರು! ಮರಿ ತುಂಬಿದ ಬಾಟಲಿಗಳ ಪೆಟ್ಟಿಗೆಯನ್ನು ಮೈಸೂರು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸ್ತಿದ್ದೀನಿ, ಕಾಗದವೂ ಅದರಲ್ಲೇ. ಎದುರಿಗಿದ್ದರೆ ಹೇಳೋಕೆ ನಾಚಿಕೆ, ಬರೆದೇ ಬಿಡ್ತೀನಿ. ನಿನ್ನ ಅಮ್ಮ ಅನ್ನಿಸಿಕೊಳ್ಳೋಕೆ ನನಗೆ ತುಂಬಾ ಹೆಮ್ಮೆ.

ಇಂತಿ ನಿನ್ನ ಅಮ್ಮ,
ಕಾಮಾಕ್ಷಮ್ಮ

ಮರೆತಿದ್ದೆ: ಬಾಟಲಿಗಳ ಮೇಲೆ ಆಯಾ ಮನೆ ಯಜಮಾನರ ಹೆಸರಿದೆ. ಮಹಾದೇವಮ್ಮ ಮಾತ್ರ ಚೀಟಿ ಕಿತ್ತುಕೊಂಡು ತಾನೇ ಮಗನ ಹೆಸರು ಬರೆದಳು. ಅಕ್ಷರ ಸೊಟ್ಟಪಟ್ಟ. ಓದೋಕಾಗದಿದ್ದರೆ, ಅದು ಬೋಜ.