ಯಾರಿಗೂ ಕೇಳಿಸದ ಸದ್ದು

ಅಂಗಡಿಯ ಹಿಂದಿನ ಕೋಣೆ,
ಬುಧವಾರ, ಊಟವಾದ ಮೇಲೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಕಣ್ಣಿಗೆ ಹಾಕುವ ಔಷಧಿ ಪೂರ್ತಿ ಮುಗಿಯುವವರೆಗೆ ಕಾಯಬೇಡ, ಮೊದಲೇ ತರಿಸಿಟ್ಟುಕೋ. ಎಡಗಾಲಿನ ಊತ ಹೇಗಿದೆ? ಹಿಂದಿನ ಪತ್ರದಲ್ಲಿ ನೀನು ‘ಹೊಸ ಚಪ್ಪಲಿ ಬಿಗಿ, ಅದಕ್ಕೇ’ ಎಂದು ಬರೆದಿದ್ದೆ. ಅದಕ್ಕೂ ಹಿಂದಿನದರಲ್ಲಿ ‘ಹಳೇ ಚಪ್ಪಲಿ ಸವೆದಿದೆ, ಅದಕ್ಕೇ’ ಎಂದಿತ್ತು. ಇರಲಿ. ನಿನ್ನ ಕಿವಿ ಪೂರ್ತಿ ಮಂದವಾದ ಮೇಲೆ ಫೋನು ನಮ್ಮಿಬ್ಬರ ನಡುವೆ ಕೆಲಸಕ್ಕೆ ಬಾರದ ವಸ್ತುವಾಯಿತು. ಅದರಿಂದ ಲಾಭವಾದದ್ದು ನನಗೇ. ಫೋನಿನಲ್ಲಿ ನಾನು ‘ಹೂಂ’, ‘ಸರಿ’, ‘ಇಡ್ಲಾ?’ ಎಂಬುದರಾಚೆಗೆ ಹೋದವನಲ್ಲ. ಕಾಗದದ ಮುಂದೆ ಕೂತರೆ ನನ್ನೊಳಗಿನ ಯಾವನೋ ವಾಚಾಳಿ ಎದ್ದು ಬಂದು ಪೆನ್ನು ಕಸಿದುಕೊಳ್ಳುತ್ತಾನೆ. ಇವತ್ತು ಅವನಿಗೆ ಸುದ್ದಿಯೂ ಇದೆ.

ಮೊದಲೇ ಹೇಳಿಬಿಡುತ್ತೇನೆ: ಈಗ ನಾನು ಚೆನ್ನಾಗಿದ್ದೇನೆ. ಇಷ್ಟು ಓದಿ, ಸ್ವಲ್ಪ ನೀರು ಕುಡಿದು, ಆಮೇಲೆ ಮುಂದೆ ಓದು. ಕಳೆದ ತಿಂಗಳು ಒಂದು ಬೆಳಿಗ್ಗೆ ಷೂ ಹಾಕಿಕೊಳ್ಳಲು ಹೋದರೆ ಎಡಗಾಲು ಒಳಗೆ ಹೋಗಲೊಲ್ಲದು. ತೊಡೆಯವರೆಗೂ ಊದಿ ಬಿಗಿದಿತ್ತು, ಬಣ್ಣ ಕಂದಿತ್ತು, ಮುಟ್ಟಿದರೆ ಬಿಸಿ. ಮಂಚದ ಅಂಚಿನಲ್ಲಿ ಕೂತು ಅದನ್ನೇ ನೋಡುತ್ತಿದ್ದೆ. ಭಯಕ್ಕಿಂತ ಹೆಚ್ಚಾಗಿ ಒಂದು ಬಗೆಯ ಕುತೂಹಲ; ಯಾರೋ ತಮ್ಮ ಕಾಲನ್ನು ಇಲ್ಲಿ ಮರೆತು ನನ್ನದನ್ನು ಹಾಕಿಕೊಂಡು ಹೋದಂತೆ. ನಿನ್ನ ಸೊಸೆಗೆ ಇಂಥ ಕುತೂಹಲಗಳಿಗೆ ಪುರುಸೊತ್ತಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯುವವರ ಪಕ್ಕ ಕೂತು, ತನ್ನ ಕಡೆಗಿರುವ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ವಯಸ್ಸು ಕಳೆದವಳು. ‘ಅದನ್ನೇನು ನೋಡ್ತಾ ಕೂತಿದ್ದೀರಿ? ಏಳಿ’ ಎಂದವಳೇ ಆ ಸ್ಕೂಲಿನ ಕಾರಿನಲ್ಲೇ ನನ್ನನ್ನು ಆಸ್ಪತ್ರೆಗೆ ಕರೆದೊಯ್ದಳು. ಕಾರಿನ ನೆತ್ತಿಯ ಮೇಲೆ ‘ಕಲಿಯುವವರು, ಎಚ್ಚರ’ ಎಂಬ ಬೋರ್ಡು ಹಾಗೇ ಇತ್ತು. ಕಂಡವರೆಲ್ಲ ಹೆದರಿ ದಾರಿ ಬಿಟ್ಟರು.

ಅಲ್ಲಿ ಒಬ್ಬಾಕೆ ಕಾಲಿಗೆ ತಣ್ಣನೆಯ ಜೆಲ್ ಹಚ್ಚಿ, ಸೋಪಿನಷ್ಟು ದೊಡ್ಡದೊಂದು ಸಾಧನವನ್ನು ತೊಡೆಯಿಂದ ಮೀನಖಂಡದವರೆಗೆ ಒತ್ತುತ್ತ ಬಂದಳು. ಸೂಜಿಯಿಲ್ಲ, ಏನಿಲ್ಲ, ಕಚಗುಳಿಯಾಯಿತು ಅಷ್ಟೆ. ಡಾಕ್ಟರು ನಮ್ಮ ತಂಗಿಗಿಂತ ಚಿಕ್ಕವಳು. ಕಾಲಿನ ಆಳದಲ್ಲಿರುವ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದಳು. ಚೂರು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅಲ್ಲೇ ಗಟ್ಟಿಯಾದರೆ ಕಾಲು ಕೊನೆಯವರೆಗೂ ಊದಿ ಭಾರವಾಗಿ ಉಳಿಯಬಹುದು. ನನ್ನ ಕೆಲಸ ಏನೆಂದು ಕೇಳಿದಳು. ಗಡಿಯಾರ ರಿಪೇರಿ, ಇಡೀ ದಿನ ಕೂತೇ ಎಂದೆ. ವಾರಕ್ಕೊಮ್ಮೆ ಮಾತ್ರ ಮಾರುಕಟ್ಟೆಯ ಗೋಪುರ ಹತ್ತಿ ದೊಡ್ಡ ಗಡಿಯಾರಕ್ಕೆ ಕೀ ಕೊಡುತ್ತೇನೆ. ‘ಆ ಮೆಟ್ಟಿಲು ಇನ್ಮೇಲೆ ಕಷ್ಟ ಆಗಬಹುದು’ ಎಂದಳು. ಜೀವಕ್ಕೆ ಅಪಾಯ ಎಂದಾಗ ಸುಮ್ಮನಿದ್ದವನಿಗೆ ಈ ಮಾತು ನಾಟಿತು. ಅಪ್ಪ ಕೈಹಿಡಿದು ಹತ್ತಿಸಿದ ದಿನದಿಂದ ಆ ಮೆಟ್ಟಿಲುಗಳನ್ನು ಬಿಟ್ಟರೆ ನನಗೆ ಬೇರೆ ವ್ಯಾಯಾಮವಿಲ್ಲ. ಊರಿನಿಂದ ಸ್ವಲ್ಪ ದೂರ ನಿಂತು ಊರನ್ನು ನೋಡಲು ಬೇರೆ ಜಾಗವೂ ಇಲ್ಲ.

ಅವಳ ಬಳಿ ಒಂದು ದಾರಿಯಿತ್ತು. ಮೊಣಕಾಲಿನ ಹಿಂದಿನಿಂದ ರಕ್ತನಾಳದೊಳಕ್ಕೆ ತೆಳ್ಳನೆಯ ಕೊಳವೆ ತೂರಿಸಿ, ಹೆಪ್ಪಿನ ನಡುವೆಯೇ ಅದನ್ನು ಮಲಗಿಸಿ, ಕರಗಿಸುವ ಔಷಧಿಯ ಜೊತೆಗೆ ಅಲ್ಟ್ರಾಸೌಂಡ್ ಎಂಬ ಅತಿ ಸೂಕ್ಷ್ಮ ಶಬ್ದದ ಅಲೆ ಬಿಡುವುದು. ‘ಹೆಪ್ಪು ಅಂದ್ರೆ ಗಂಟುಬಿದ್ದ ನೂಲಿನ ಉಂಡೆ ಇದ್ದ ಹಾಗೆ. ಬರೀ ಔಷಧಿ ಬಿಟ್ರೆ ಒಳಗೆ ಇಳಿಯೋಕೆ ತುಂಬಾ ಹೊತ್ತು ಬೇಕು. ಈ ಶಬ್ದ ಎಳೆಗಳನ್ನ ಸಡಿಲ ಮಾಡುತ್ತೆ, ಔಷಧಿ ಒಳಗೆ ಹೋಗುತ್ತೆ. ಎಲ್ಲರಿಗೂ ಇದು ಬೇಕಾಗಲ್ಲ, ಎಷ್ಟೋ ಜನಕ್ಕೆ ಮಾತ್ರೆನೇ ಸಾಕು. ನಿಮ್ಮದು ದೊಡ್ಡದು, ಹೊಸದು, ಅದಕ್ಕೆ ಹೇಳ್ತಿದ್ದೀನಿ’ ಎಂದಳು. ನನಗೆ ತಕ್ಷಣ ಅರ್ಥವಾಯಿತು. ಅರ್ಥವಾದದ್ದೇ ತೊಂದರೆ. ಅಂಗಡಿಯ ಮೂಲೆಯಲ್ಲಿರುವ ಪುಟ್ಟ ತೊಟ್ಟಿ ನಿನಗೆ ನೆನಪಿದೆಯಲ್ಲ. ಹಳೆಯ ಎಣ್ಣೆ ಗಟ್ಟಿಯಾದ ಚಕ್ರಗಳನ್ನು ಅದರಲ್ಲಿ ಮುಳುಗಿಸಿ ಸ್ವಿಚ್ಚು ಹಾಕಿದರೆ ಕಿವಿಗೆ ಎಟುಕದ ಶಬ್ದವೇ ಕೊಳೆಯನ್ನು ಎಬ್ಬಿಸುತ್ತದೆ. ನಿನ್ನ ಕೈಗಡಿಯಾರವನ್ನು ನಾನು ಡಯಲ್ ಸಮೇತ ಮುಳುಗಿಸಿದ್ದೂ ಅದರಲ್ಲೇ. ಅಂಕೆಗಳು ಒಂದೊಂದಾಗಿ ಎದ್ದು ನೀರಿನಲ್ಲಿ ತೇಲಿದವು. ನೀನು ನಕ್ಕು ‘ಮುಳ್ಳು ಇದೆಯಲ್ಲ, ಸಾಕು’ ಎಂದು ಬೋಳು ಗಡಿಯಾರವನ್ನು ಕೈಗೆ ಕಟ್ಟಿಕೊಂಡವಳು ಇನ್ನೂ ಬಿಚ್ಚಿಲ್ಲ. ನನ್ನ ಕಣ್ಣ ಮುಂದೆ ಬಂದದ್ದು ತೇಲುವ ಆ ಅಂಕೆಗಳು. ನನ್ನೊಳಗೂ ಏನೋ ಬರೆದಿದ್ದರೆ, ಅದೂ ಎದ್ದು ಹೋದರೆ? ಡಾಕ್ಟರಿಗೆ ಹಾಗೆ ಹೇಳಲಾಗದೆ, ಎರಡು ದಿನ ಯೋಚಿಸುತ್ತೇನೆ ಎಂದೆ.

‘ಯೋಚನೆ ಮಾಡುವಷ್ಟು ಹೊತ್ತಿಗೆ ಅದು ಇನ್ನೂ ಗಟ್ಟಿಯಾಗುತ್ತೆ’ ಎಂದಳು ಡಾಕ್ಟರು. ಹೆಂಡತಿ ಮಾತ್ರ ನನ್ನ ಮುಖ ನೋಡಿದ್ದೇ ಮನಸ್ಸಿನಲ್ಲಿದ್ದದ್ದನ್ನು ಹಿಡಿದುಬಿಟ್ಟಳು. ‘ರೀ, ಅತ್ತೆ ಗಡಿಯಾರದ್ದು ಅಂಕೆ ಹೋಯ್ತು, ನಿಜ. ನಿಂತಿದೆಯಾ? ಇವತ್ತಿಗೂ ನಿಮ್ಮ ಅಂಗಡಿ ಗಡಿಯಾರಗಳಿಗಿಂತ ಸರಿಯಾಗಿ ಓಡ್ತಿದೆ. ನಿಮಗೆ ಕಾಲು ಓಡಬೇಕಾ, ಅಂಕೆ ಬೇಕಾ?’ ಡಾಕ್ಟರು ಏನೆಂದು ಕೇಳಿದಳು, ಹೆಂಡತಿ ಎಲ್ಲ ಹೇಳಿದಳು, ಇಬ್ಬರೂ ನನ್ನನ್ನು ಬಿಟ್ಟು ನಕ್ಕರು. ಆಮೇಲೆ ಡಾಕ್ಟರು ಗಂಭೀರವಾಗಿ, ನಿಮ್ಮ ತೊಟ್ಟಿಯ ಶಬ್ದದಂತೆ ಇದು ಉಜ್ಜಿ ತೊಳೆಯುವುದಿಲ್ಲ, ಹೆದರಬೇಕಾದದ್ದು ಬೇರೆ ಕಡೆ ರಕ್ತ ಸೋರುವುದಕ್ಕೆ, ಅದನ್ನು ನಾವು ಬಿಡದೆ ನೋಡಿಕೊಳ್ಳುತ್ತೇವೆ ಎಂದಳು. ಇರುವ ಅಪಾಯವನ್ನು ಅವಳು ಮುಚ್ಚಿಡದ ಕಾರಣ, ಇಲ್ಲದ ಅಪಾಯವನ್ನು ನಾನು ಬಿಟ್ಟುಕೊಟ್ಟೆ.

ಬೋರಲು ಮಲಗಿಸಿ ಕೊಳವೆ ಹಾಕಿದರು; ಆಮೇಲೆ ಅಂಗಾತ, ಕಾಲು ಮಡಚದೆ, ಮರುದಿನದವರೆಗೆ. ನಾನು ಕಿವಿಗೊಟ್ಟು ಮಲಗಿದೆ. ಗಡಿಯಾರದ ಎದೆಬಡಿತದಲ್ಲಿ ಹುಳುಕು ಪತ್ತೆಹಚ್ಚುವ ಕಿವಿ ನನ್ನದು ಎಂಬ ಜಂಬ. ಸ್ವಲ್ಪ ಹೊತ್ತಿಗೆ ಕೇಳಿಸಿಯೇಬಿಟ್ಟಿತು: ಬಲು ಸಣ್ಣ, ಹದವಾದ ಮಿಡಿತ. ನನ್ನದೇ ಆಳದಿಂದ ಬರುತ್ತಿದೆ ಎಂದುಕೊಂಡು ಕಣ್ಣು ಮುಚ್ಚಿ, ಆಯುಷ್ಯದಲ್ಲಿ ಮಾಡದಷ್ಟು ಚಿಂತನೆ ಮಾಡಿದೆ. ಕೊನೆಗೆ ದಪ್ಪ ಮೀಸೆಯ ನರ್ಸಿಗೆ ಹೇಳಿದರೆ, ಅವನು ‘ಅದು ಔಷಧಿ ಪಂಪು ಸರ್, ಪಕ್ಕದ ಹಾಸಿಗೆಯವರದ್ದು’ ಎಂದ. ನಿಜವಾದ ಶಬ್ದ ಯಾರಿಗೂ ಕೇಳಿಸುವುದಿಲ್ಲವಂತೆ; ಅವನಿಗೂ, ಡಾಕ್ಟರಿಗೂ, ಯಾರಿಗೂ. ಆಗ ನಿನ್ನ ನೆನಪು ಬಂತು ಅಮ್ಮಾ. ನಾವೆಲ್ಲ ಮಾತಾಡುವಾಗ ನೀನು ನಡುವೆ ಕೂತು ಸುಮ್ಮನೆ ನಗುತ್ತೀಯಲ್ಲ, ಹಾಗೇ ಇತ್ತು. ಕೇಳಿಸದಿದ್ದರೂ ಏನೋ ನಡೆಯುತ್ತಿದೆ, ನಡೆಯುತ್ತಿರುವುದು ನನ್ನ ಒಳ್ಳೆಯದಕ್ಕೇ. ಇಷ್ಟನ್ನು ನಂಬಿಕೊಂಡು ಕೂರಲು ಎಷ್ಟು ಧೈರ್ಯ ಬೇಕೆಂದು ಅಲ್ಲಿ ಗೊತ್ತಾಯಿತು.

ಮರುದಿನ ಚಿತ್ರ ತೋರಿಸಿದರು. ಹಿಂದಿನ ದಿನ ದಾರಿ ಮುಚ್ಚಿದ್ದಲ್ಲಿ ಈಗ ಒಂದು ದಪ್ಪ ಗೆರೆ, ಮೇಲಿನವರೆಗೂ ಅಡ್ಡಿಯಿಲ್ಲದೆ. ಹೆಂಡತಿ ಬಗ್ಗಿ ನೋಡಿ ‘ಟ್ರಾಫಿಕ್ ಬಿಡ್ತು’ ಎಂದಳು. ಇನ್ನು ಕೆಲವು ತಿಂಗಳು ಮಾತ್ರೆ, ಬಿಗಿಯಾದ ಕಾಲುಚೀಲ, ಆಗಾಗ ಎದ್ದು ನಡೆಯುವುದು. ನಿನ್ನೆ ಡಾಕ್ಟರು ಹೂಂ ಎಂದಮೇಲೆ ಗೋಪುರ ಹತ್ತಿದೆ. ನಿಂತು ನಿಂತು ಹತ್ತಿದೆ, ಆದರೂ ಹತ್ತಿದೆ. ಕಾಲು ನನ್ನದೇ, ಗುರುತು ಸಿಕ್ಕಿತು. ಇಷ್ಟು ದಿನ ಅಲ್ಲಿ ಕೀ ಕೊಟ್ಟವಳು ನಿನ್ನ ಸೊಸೆ. ಕುರ್ಚಿ ಹತ್ತಿದರೂ ತಲೆ ತಿರುಗುವವಳು ಗೋಡೆಯ ಕಡೆ ಮುಖ ಮಾಡಿ ಹತ್ತುತ್ತಿದ್ದಳಂತೆ. ಗಡಿಯಾರ ಐದು ನಿಮಿಷ ಮುಂದಿತ್ತು. ಕೇಳಿದರೆ ‘ಬೇಕಂತಲೇ ಇಟ್ಟೆ. ನನ್ನ ಕ್ಲಾಸಿಗೆ ಈಗ ಎಲ್ಲರೂ ಸರಿಯಾಗಿ ಬರ್ತಿದ್ದಾರೆ’ ಎಂದಳು. ಗಡಿಯಾರದವನಾಗಿ ನಾನು ಸರಿಮಾಡಬೇಕಿತ್ತು. ಮುಳ್ಳಿನವರೆಗೆ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಕಿಟಕಿಯಲ್ಲಿ ನಿಂತು, ಐದು ನಿಮಿಷ ಮುಂದೆ ಓಡುತ್ತಿರುವ ಊರನ್ನು ತುಂಬಾ ಹೊತ್ತು ನೋಡಿದೆ.

ತಂಗಿಗೂ ಅವಳ ಅವಳಿ ಸುಂಟರಗಾಳಿಗಳಿಗೂ ನನ್ನ ಪ್ರೀತಿ. ನಿನ್ನ ಆಶೀರ್ವಾದ ನನ್ನ ಕಾಲಿನ ಮೇಲಿರಲಿ.

ನಿನ್ನ ಮಗ,
ನಿಧಾನಪ್ಪ

ತಾ.ಕ.: ಹೆಂಡತಿ ಹಾರ್ನ್ ಹೊಡೆಯುತ್ತಿದ್ದಾಳೆ, ಅಂಚೆ ಹೊರಡುವ ಹೊತ್ತು, ಬೇಗ ಬರೆಯುತ್ತೇನೆ. ಆಸ್ಪತ್ರೆಯಿಂದ ಹೊರಡುವಾಗ ಡಾಕ್ಟರು ‘ಮನೇಲಿ ಇನ್ಯಾರಿಗಾದರೂ ಹೀಗೆ ಕಾಲು ಊದುತ್ತಾ? ಕೆಲವು ಮನೆತನದಲ್ಲೇ ಇದು ಇರುತ್ತೆ’ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಸೊಸೆ ನಿನ್ನ ಚಪ್ಪಲಿಗಳ ಕಥೆಯನ್ನೆಲ್ಲ ಒಪ್ಪಿಸಿದಳು, ಆಮೇಲೆ ತಂಗಿಗೂ ಫೋನು ಮಾಡಿದಳು. ಅಂದಿನಿಂದ ತಂಗಿ ದಿನಾ ಸ್ಲೇಟಿನಲ್ಲಿ ‘ಕಾಲು ತೋರಿಸೋಣ, ಆಸ್ಪತ್ರೆಗೆ ಬಾ’ ಎಂದು ಬರೆದು ತೋರಿಸುತ್ತಿದ್ದಾಳಂತೆ, ನೀನು ಕನ್ನಡಕ ಸಿಗುತ್ತಿಲ್ಲ ಎನ್ನುತ್ತೀಯಂತೆ. ಈ ಪತ್ರ ಓದುತ್ತಿದ್ದೀಯ ಎಂದರೆ ಕನ್ನಡಕ ಸಿಕ್ಕಿದೆ. ತಣ್ಣನೆಯ ಜೆಲ್ಲು, ಸ್ವಲ್ಪ ಕಚಗುಳಿ, ಅಷ್ಟೇ. ಏನಾದರೂ ಇದ್ದರೂ ಮಾತ್ರೆಯಲ್ಲೇ ಮುಗಿಯಬಹುದು. ಆ ಕೋಣೆಯಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ, ನಿನಗೊಬ್ಬಳಿಗೇ ಅಲ್ಲ. ಈಗ ತಲೆಯೆತ್ತಿ ನೋಡು. ತಂಗಿ ಹೊರಡಲು ತಯಾರಾಗಿ ಬಾಗಿಲಲ್ಲಿ ನಿಂತಿರುತ್ತಾಳೆ. ಹೊಸ ಚಪ್ಪಲಿಯೋ ಹಳೆಯದೋ, ಅದನ್ನು ಮಾತ್ರ ನಿನಗೇ ಬಿಟ್ಟಿದ್ದೇವೆ.