ನಿಶ್ಚಿತಾರ್ಥಕ್ಕ ಅಪ್ಪ ಬರಬ್ಯಾಡ ಅಂದೆಲ್ಲ

ಹಿರೇಹಡಗಲಿ
೧೮-೧೧-೨೦೨೪, ಸೋಮವಾರ

ದಾವಣಗೆರಿಯಾಗ ನರ್ಸ್ ಓದೋ ಮೊಮ್ಮಗಳು ಭೂಮಿಕಾಗ ನಿಮ್ಮಜ್ಜಿಯ ಆಶೀರ್ವಾದ.

ನೀನು ಫೋನ್ ಮಾಡಿ ಹದಿನೈದು ದಿನ ಆತು, ಉತ್ತರ ಈಗ ಬರಿಯಾಕ ಹತ್ತೀನಿ, ಬೈಕೋಬ್ಯಾಡ. ನಾಕನೇ ಕ್ಲಾಸಿನ ಕೈ, ಒಂದು ಸಾಲು ಬರಿಯೋದ್ರಾಗ ಬೆರಳು ಜಗಳ ತೆಗಿತಾವು. ಫೋನಿನಾಗ ಅಪ್ಪನ ಮಾತು ಬಂದ ಕೂಡ್ಲೆ ಕಟ್ ಮಾಡ್ತಿ. ಕಾಗದ ಹೆಂಗ ಕಟ್ ಮಾಡ್ತಿ ನೋಡ್ತೀನಿ.

ನಾವು ಚಂದಾಗಿ ಅದೀವಿ. ನಿಮ್ಮಪ್ಪ ಹುಲುಗೇಶ ಲಾರಿ ಬಿಟ್ಟು ವರ್ಷಾತು. ಲೈಸೆನ್ಸು ಹೋತು, ಕೇಸು ನಡೆದೈತಿ, ಆದ್ರ ಮನುಷ್ಯಾ ಉಳಿದಾನ. ಈಗ ಊರಾಗಿನ ಹಿಟ್ಟಿನ ಗಿರಣಿಯಾಗ ಕೆಲಸ. ಮೊನ್ನೆ ಬೀಸಾಕ ಬಂದಿದ್ದ ಜೋಗಮ್ಮ, "ಏನಪಾ, ಇಷ್ಟು ಪೌಡರ್ ಬಡಕೊಂಡು ಯಾವ ಕನ್ಯಾ ನೋಡಾಕ ಹೊಂಟಿ?" ಅಂದ್ಲು. "ನಿನ್ನ ಜ್ವಾಳ ಇನ್ನೂ ಬೀಸಿಲ್ಲಬೇ, ನೋಡಿ ಮಾತಾಡು" ಅಂದ ಇವ. ಹೆಣ್ಮಕ್ಕಳೆಲ್ಲ ನಕ್ರು. ಅವನ ಬಾಯಾಗ ಚಾಷ್ಟಿ ಕೇಳಿ ಅವತ್ತು ನನಗ ಒಂದು ರೊಟ್ಟಿ ಹೆಚ್ಚಿಗಿ ಸೇರಿತು.

ತಿಂಗಳಿಗೊಮ್ಮೆ ದವಾಖಾನಿಗೆ ಕರಕೊಂಡು ಹೋಗ್ತೀನಿ. "ಸಕ್ರಿ ಕಾಯಿಲಿ ಇದ್ದಂಗ ಮನಸಿಂದೂ ಒಂದು ಕಾಯಿಲಿ, ಗುಳಿಗಿ ತಪ್ಪಿಸಬ್ಯಾಡ್ರಿ" ಅಂತಾರ ಡಾಕ್ಟರು. ಹೋದ ವರ್ಷ ಲಾರಿ ಕನ್ನಡಿಯಾಗ ಕಂಡ ಗಾಡಿಯೆಲ್ಲ ತನ್ನ ಕೊಲ್ಲಾಕ ಬೆನ್ನು ಹತ್ಯಾವ ಅನ್ನಿಸ್ತಿತ್ತು ಅವಗ. ಕೊಟ್ಟೂರು ರಸ್ತ್ಯಾಗ ಹಂಗ ಹೆದರಿ ಓಡಿಸಿದ. ಎದುರಿಗೆ ಬೈಕಿನ ಮ್ಯಾಲೆ ಬರ್ತಿದ್ದ ಗಾದೆಪ್ಪ ಮೇಷ್ಟ್ರು ಜೀವ ಬಿಟ್ರು. ಅವರ ಹೆಂಡ್ತಿ ಮಕ್ಕಳು ದಿನಾ ನೆನಪಾಗ್ತಾರ.

"ಗುಳಿಗಿ ನುಂಗಿದ್ರ ಮೇಷ್ಟ್ರು ಬದುಕಿರ್ತಿದ್ರು. ಬೇಕಂತ ಬಿಟ್ಟಾನ. ಅಂಥೋನು ನನ್ನ ನಿಶ್ಚಿತಾರ್ಥಕ್ಕ ಬರಬ್ಯಾಡ, ಸೋದರಮಾವ ಕುಂದ್ರಲಿ" ಅಂದಿ. ಅವಗ ಹೇಳಿದೆ. "ಅಕಿ ಅಂದದ್ದು ಖರೆ ಐತಿ ಬಿಡಬೇ" ಅಂದು, ನಿನಗಂತ ತಂದಿಟ್ಟ ಹಸರು ಸೀರಿ ನನ್ನ ಕೈಯಾಗ ಇಟ್ಟ. ಆ ಬಣ್ಣಕ್ಕ ಗಿಣಿನೂ ನಾಚಬೇಕು. ಇರಲಿ, ಉಟ್ಟುಕೋ.

ಹುಟ್ಟಿದ ಮನಿ, ಸೇರೋ ಮನಿ ಎರಡೂ ತಣ್ಣಗಿರಲಿ ನಿನ್ನಿಂದ.

ನಿಮ್ಮಜ್ಜಿ
ಜಂಬಕ್ಕ

ತಾ.ಕ.: ಗುಳಿಗಿ ಅವ ಬಿಟ್ಟಿದ್ದಿಲ್ಲ. ದಿನಾ ನಾನೇ ಅವನ ಕೈಗೆ ಕೊಡ್ತಿದ್ದೆ. ಅದು ನುಂಗಿದ್ರ ಮಂಪರು ಬರ್ತಿತ್ತು. ಮೆಕ್ಕೆಜ್ವಾಳದ ಸುಗ್ಗಿ, ಲಾರಿಗೆ ಪುರುಸೊತ್ತಿಲ್ಲ, ಎಲ್ಲಿ ತೂಕಡಿಸಿ ಸಾಯ್ತಾನೋ ಅಂತ ಹೆದರಿ ಅದನ್ನ ಎತ್ತಿಟ್ಟು ನನ್ನ ಶಕ್ತಿ ಗುಳಿಗಿ ಕೊಟ್ಟೆ. ಹದಿನೆಂಟು ದಿನ. ಅವ್ವ ಕೊಟ್ಟದ್ದು ಅಂತ ನೋಡದ ನುಂಗಿದ. ಉಳಿದ ಗುಳಿಗಿ ಎಣಿಸಿ ಪೊಲೀಸರು ಕೇಳಿದಾಗ ನನ್ನ ಮಾರಿ ನೋಡಿದ, ನಾನು ಬಾಯಿ ತೆಗಿಯೋದ್ರಾಗ "ನಾನೇ ಬಿಟ್ಟಿದ್ದೆ ಸಾಹೇಬ್ರ" ಅಂದುಬಿಟ್ಟ. ಇವತ್ತಿನ ತನಕ ನನಗ ಒಂದು ಮಾತು ಕೇಳಿಲ್ಲ. ಈಗಲೂ ಗುಳಿಗಿಗೆ ನನ್ನ ಮುಂದನ ಕೈ ಚಾಚ್ತಾನ. ಅವನ್ನ ಕರಿ ತಾಯಿ. ಬರಬ್ಯಾಡ ಅನ್ನೋದಿದ್ರ ನನಗ ಅನ್ನು.