ತುದಿಗೊಂದು ಕುಡಿ

ಮಾರ್ಚ್ ೩, ಬೆಳಿಗ್ಗೆ
...ದಪ್ಪ ಅಕ್ಷರ ಯಾರು ಬೇಕಾದರೂ ಬರೆಸುತ್ತಾರೆ, ನಿನ್ನೆಯೂ ಸೊಸೆಗೆ ಅದನ್ನೇ ಹೇಳಿದ್ದು. ಅವಳು ತೆರೆಯುವುದು ಕನ್ನಡಕದ ಅಂಗಡಿ, ಕಬ್ಬಿಣದ ಅಂಗಡಿಯಲ್ಲ. ಬೋರ್ಡ್ ಬರೆಯುವ ಆರ್ಟಿಸ್ಟ್ ತಂದ ಅಕ್ಷರ ಮಾದರಿಗಳ ಪುಸ್ತಕದಲ್ಲಿ ನಾನೇ ಆರಿಸಿದೆ. ನಿಂತ ಗೆರೆ ದಪ್ಪ, ಅಡ್ಡ ಗೆರೆ ಕೂದಲೆಳೆ. ತುದಿ ತುದಿಗೂ ಪುಟ್ಟ ಕುಡಿ—ಸೆರಿಫ್ ಎನ್ನುತ್ತಾರಂತೆ. ನನ್ನವಳು ಇದ್ದಾಗ ಕನ್ನಡಿ ಮುಂದೆ ಕಾಡಿಗೆ ಎಳೆದು, ಕೊನೆಯಲ್ಲಿ ಬೆರಳು ಹೀಗೆ ಎತ್ತಿಬಿಡುತ್ತಿದ್ದಳಲ್ಲ—ಹಾಗೆ.
ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು, ಡೆಲಿಕೇಟ್ ಈಸ್ ನಾಟ್ ವೀಕ್. ಅಥವಾ ವೀಕ್ ಈಸ್ ನಾಟ್ ಡೆಲಿಕೇಟೋ... ಎರಡೂ ಸರಿಯೇ.

ಮಾರ್ಚ್ ೧೨
ಅಂಗಡಿ ತೆರೆದು ವಾರ. ಗಾಜಿನ ಮೇಲೆ ದೊಡ್ಡ ಸಾಲು, ‘ಕನ್ನಡಕ’—ರಾಣಿ ನಿಂತ ಹಾಗೆ. ಕೆಳಗಿನ ಸಣ್ಣ ಸಾಲು, ‘ಕಣ್ಣಿನ ಪರೀಕ್ಷೆ ಉಚಿತ, ಒಳಗೆ ಬನ್ನಿ’—ರಸ್ತೆಯಿಂದ ಮಾಯ. ಕೂದಲೆಳೆಗಳೆಲ್ಲ ಕರಗಿ, ದಪ್ಪ ಗೆರೆಗಳಷ್ಟೇ ಬೇಲಿಗೂಟದ ಹಾಗೆ. ಜನ ನಿಲ್ಲುತ್ತಾರೆ, ಕಣ್ಣು ಕಿರಿದಾಗಿಸಿ ನೋಡುತ್ತಾರೆ, ಹೋಗುತ್ತಾರೆ.
ಮಗ ಊಟಕ್ಕೆ ಕೂತಾಗ, "ಅಪ್ಪಾ, ಆ ಅಕ್ಷರ ದೊಡ್ಡದಾದ್ರೆ ಚೆಂದ, ಚಿಕ್ಕದಾದ್ರೆ ಧೂಳು. ಆರ್ಟಿಸ್ಟ್ ಅವತ್ತೇ ಹೇಳ್ಲಿಲ್ವಾ?"
ಹೇಳಿದ್ದ.
ಸೊಸೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಈ ತಿಂಗಳೆಲ್ಲ ಹೀಗೇ ಆದರೆ ಬಾಗಿಲು ಹಾಕಿ ಹಳೆಯ ಕೆಲಸಕ್ಕೇ ವಾಪಸ್—ಅಂದದ್ದು ಗಂಡನಿಗೆ, ನನಗಲ್ಲ. ಆದರೂ ಕೇಳಿಸಿತು. ಕಿವಿ ಚುರುಕಾಗಿದೆ ನನಗೆ.

ಮಾರ್ಚ್ ೧೪
ಸಣ್ಣ ಸಾಲು ಕೆರೆದು ದಪ್ಪಗೆ ಬರೆಯಲು ಸೊಸೆ ಆರ್ಟಿಸ್ಟನಿಗೆ ಹೇಳಿದ್ದಾಳೆ. ನಾಳೆ ಬರುತ್ತಾನೆ. ಊಟ ಸೇರಲಿಲ್ಲ.

ಮಾರ್ಚ್ ೧೫, ಸಂಜೆ ೪
ಬರೆಯದಿದ್ದರೆ ಹೊಟ್ಟೆ ಒಡೆದೀತು. ಆರ್ಟಿಸ್ಟ್ ಬ್ಲೇಡ್ ಹಿಡಿದು ಗಾಜಿನ ಮುಂದೆ ಕೂತಿದ್ದ. ಎದುರು ಮನೆಯ ಅಜ್ಜಿ ನುಗ್ಗಿ ಬಂದರು—ಜಗಳಕ್ಕೆ.
"ಏನಮ್ಮಾ, ಗಾಜಿನ ಮೇಲೆ ಇರುವೆ ಬಿಟ್ಟಿದೀಯ? ವಾರದಿಂದ ನೋಡ್ತಿದೀನಿ, ಒಂದಕ್ಷರ ಹತ್ತಲ್ಲ."
ಸೊಸೆ ನಕ್ಕಳು. ಆ ನಗು ನೋಡಿ ಎಷ್ಟು ದಿನವಾಗಿತ್ತು. "ಕೂತ್ಕೊಳ್ಳಿ ಅಜ್ಜಿ." ಮೂಗಿನ ಮೇಲೆ ಪರೀಕ್ಷೆಯ ಫ್ರೇಮ್ ಕೂರಿಸಿ, ಒಂದೊಂದೇ ಲೆನ್ಸ್ ಬದಲಾಯಿಸಿ, ಕೈ ಹಿಡಿದು ರಸ್ತೆಯಾಚೆ ನಿಲ್ಲಿಸಿದಳು. "ಈಗ?"
ಅಜ್ಜಿ ಕತ್ತು ಮುಂದೆ ಚಾಚಿದರು. ಆಮೇಲೆ ಇಡೀ ಸಾಲು ಗಟ್ಟಿಯಾಗಿ ಓದಿದರು, ಬೀದಿಗೆಲ್ಲ ಕೇಳುವಂತೆ. "ಅಯ್ಯೋ, ತುದೀಲಿ ಬಾಲ ಬೇರೆ ಇದೆಯಲ್ಲೇ."
ಬಸ್ಸಿಗೆ ಕಾದಿದ್ದವರು ತಿರುಗಿದರು. "ನಂಗೂ ಕಾಣಲ್ಲ," ಒಬ್ಬರು. "ನಂಗೆ ಅಕ್ಷರ ಕಾಣುತ್ತೆ, ಬಾಲ ಕಾಣಲ್ಲ," ಇನ್ನೊಬ್ಬರು. ಪಂದ್ಯವೇ ಶುರು. ಬಸ್ಸು ಬಂತು, ಹೋಯಿತು, ಹತ್ತಿದವರು ಕಡಿಮೆ. ಆರ್ಟಿಸ್ಟ್ ಬ್ಲೇಡ್ ಜೇಬಿಗಿಳಿಸಿ ತಾನೂ ಕ್ಯೂ ನಿಂತ.

ಮಾರ್ಚ್ ೨೭, ಸಂಜೆ
ಎದುರಿನ ಬಸ್ ಸ್ಟಾಪಿನ ಬೆಂಚು. ಅಂಗಡಿಯೊಳಗೆ ಕುರ್ಚಿ ಖಾಲಿಯಿಲ್ಲ. ಹೂವಿನ ಅಂಗಡಿಯವನಿಗೂ ಇದೇ ಅಕ್ಷರ ಬೇಕಂತೆ. ಆರ್ಟಿಸ್ಟ್ "ಹಿರಿಯರನ್ನ ಕೇಳಿ" ಎಂದನಂತೆ. ಹಿರಿಯರು ಎಂದರೆ ನಾನು.
ಬೆಳಿಗ್ಗೆ ಸೊಸೆ ನನ್ನನ್ನೂ ಕೂರಿಸಿದಳು. "ಏನ್ ಮಾವ, ಆರಿಸಿದವರಿಗೇ ಸಣ್ಣ ಸಾಲು ಕಾಣಲ್ವಾ?"
"ದೊಡ್ಡದು ಕಾಣುತ್ತೆ."
"ದೊಡ್ಡದು ಲೈಟು ಕಂಬಕ್ಕೂ ಕಾಣುತ್ತೆ. ತಲೆ ಅಲ್ಲಾಡಿಸ್ಬೇಡಿ."
ಹೊಸ ಕನ್ನಡಕ. ಇಲ್ಲಿಂದಲೇ ಓದುತ್ತಿದ್ದೇನೆ, ಕುಡಿ ಕುಡಿಯೂ ಬಿಡದೆ. ಕೊನೆಯ ಅಕ್ಷರದ್ದು ನೋಡಬೇಕು... ನನ್ನವಳು ಬೆರಳು ಈಗಷ್ಟೇ ಎತ್ತಿದ ಹಾಗೆ, ಕಾಡಿಗೆ ಇನ್ನೂ ಹಸಿ ಇದ್ದ ಹಾಗೆ.
ಬೆಳಕು ಹೋಗುತ್ತಿದೆ. ಮೊದಲು ಮರೆಯಾಗುವುದು ಕೂದಲೆಳೆಗಳೇ. ಒಳಗೆ ಸೊಸೆ ಸ್ವಿಚ್ಚಿಗೆ ಕೈ ಚಾಚಿದಳು. ಈಗ ನೋಡೇ, ಗಾಜಿನ ತುಂಬ ನಿನ್ನ ಕಾಡಿಗೆಯ ಗೆರೆ—